ಅಕ್ಕಿಕಾಳಿನಷ್ಟು ಉದ್ದ ಹೆಚ್ಚಿದ್ದ ಸೂಜಿ

ನನಗೆ ಮೊದಲಿಂದಲೂ ಬರೆದಿಡುವ ಚಾಳಿ. ಗ್ಯಾಸ್ ಸಿಲಿಂಡರು ಬದಲಾಯಿಸಿದ ದಿನ, ಮಾವಿನಮಿಡಿ ಉಪ್ಪಿಗೆ ಹಾಕಿದ ದಿನ, ದನ ಕರು ಹಾಕಿದ ದಿನ, ಎಲ್ಲವೂ ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳೊಳಗೆ ಪೆನ್ಸಿಲ್ಲಿನಲ್ಲಿ ಸೇರಿಕೊಳ್ಳುತ್ತಿದ್ದವು. "ನಮ್ಮ ಮನೇಲಿ ಎರಡು ಪಂಚಾಂಗ ಉಂಟು" ಎಂದು ಮನೆಯವರು ಬಂದವರ ಎದುರು ನಗೆಯಾಡುತ್ತಿದ್ದರು. ಈ ಚಾಳಿಯಿಂದಲೇ ಕೊಪ್ಪದ ಗಾರ್ಮೆಂಟ್ಸಿನಲ್ಲಿ ನನ್ನ ಕೈಗೆ ಒಂದು ಪುಸ್ತಕ ಬಂತು. ಆ ಪುಸ್ತಕದಲ್ಲಿ ನಾನು ಗಮ್ ಟೇಪು ಹಚ್ಚಿ ಒಂದು ಸುಳ್ಳನ್ನು ಅಂಟಿಸಿದೆ.

ಎರಡು ಸಾವಿರದ ಇಸವಿ ಕಳೆದು ಐದಾರು ವರ್ಷವಾಗಿತ್ತು. ನನಗೆ ನಲವತ್ತೊಂದು. ಮಕ್ಕಳಿಬ್ಬರೂ ಅವರ ಪಾಡಿಗೆ ಹೈಸ್ಕೂಲು, ಕಾಲೇಜು ಎಂದು ಹೋಗುತ್ತಿದ್ದರು. ಮನೆಯಲ್ಲಿ ಕೂತು ಊರವರ ರವಿಕೆ ಹೊಲಿಯುತ್ತಿದ್ದವಳು, ಹರಿಹರಪುರದಿಂದ ಎಂಟು ಗಂಟೆಯ ಬಸ್ಸು ಹಿಡಿದು ಕೊಪ್ಪಕ್ಕೆ ಕೆಲಸಕ್ಕೆ ಹೋಗತೊಡಗಿದೆ. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮುಚ್ಚಿಹೋಗಿದ್ದ ಒಂದು ಅಕ್ಕಿ ಗಿರಣಿ. ಅದರ ಮೇಲಂತಸ್ತಿನಲ್ಲಿ ಇಪ್ಪತ್ತೆಂಟು ಮಿಷನ್ನುಗಳು. ಹಲಗೆಯ ನೆಲ. ಮಿಷನ್ನೆಲ್ಲ ಒಟ್ಟಿಗೆ ಓಡುವಾಗ ಅಂಗಾಲು ಜುಮ್ಮೆನ್ನುತ್ತಿತ್ತು. ನಾವು ಹೊಲಿಯುತ್ತಿದ್ದದ್ದು ಶಾಲಾ ಮಕ್ಕಳ ಯೂನಿಫಾರಂ. ಅದರಲ್ಲೂ ಎಲ್.ಕೆ.ಜಿ., ಯು.ಕೆ.ಜಿ. ಮಕ್ಕಳ ಗೇಣುದ್ದದ ಅಂಗಿಗಳು ಹೆಚ್ಚು.

ನನ್ನ ಪಕ್ಕದ ಮಿಷನ್ನು ಸೀತೂರಿನ ಅಕ್ಕನದು. ಅಕ್ಕ ಎಂದರೆ ಸಂಬಂಧವೇನಿಲ್ಲ. ನನಗಿಂತ ಎಂಟು ಹತ್ತು ವರ್ಷ ದೊಡ್ಡವರು, ಅದಕ್ಕೆ ಎಲ್ಲರಿಗೂ ಅಕ್ಕ. ಕನ್ನಡಕದ ಒಂದು ಕಡ್ಡಿ ಮುರಿದು, ಅಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಕಾಲರಿನ ಕೆಲಸ ಪೂರ್ತಿ ಅವರದೇ. ಕಾಲರನ್ನು ಒಳಮುಖವಾಗಿ ಹೊಲಿದು, ಆಮೇಲೆ ಮಗುಚಿ ಮೂಲೆಯನ್ನು ಚೂಪಾಗಿ ಹೊರಗೆ ತರಬೇಕು. ನಾವೆಲ್ಲ ಕತ್ತರಿಯ ತುದಿಯಿಂದ ಒತ್ತಿ ತರುತ್ತಿದ್ದೆವು, ಎಷ್ಟೋ ಸಲ ಬಟ್ಟೆ ತೂತು ಬೀಳುತ್ತಿತ್ತು. ಅಕ್ಕ ಎಡಗೈಯ ತೋರುಬೆರಳನ್ನು ಒಳಗೆ ತೂರಿಸಿ ಉಗುರಿನಿಂದ ಒಮ್ಮೆ ಎತ್ತಿದರೆ ಸಾಕು, ಮೂಲೆ ಹಲ್ಲಿನ ಹಾಗೆ ಎದ್ದು ಬರುತ್ತಿತ್ತು. ಆ ಉಗುರನ್ನು ಅವರು ಬೇರೆ ಉಗುರುಗಳಿಗಿಂತ ಸ್ವಲ್ಪ ಉದ್ದಕ್ಕೆ ಬಿಟ್ಟು ನುಣ್ಣಗೆ ಉಜ್ಜಿಟ್ಟುಕೊಂಡಿದ್ದರು. ಓನರು ಅವರನ್ನು ವಯಸ್ಸಾದವರು ಕೂರುವ, ಗುಂಡಿ ಹಚ್ಚುವ ಬೆಂಚಿಗೆ ಕಳಿಸದೆ ಇಟ್ಟುಕೊಂಡಿದ್ದೇ ಆ ಬೆರಳಿನಿಂದ.

ನನಗೆ ಮೊದಲ ದಿನ ಪಾಠ ಹೇಳಿದವರೂ ಅವರೇ.

"ಮನೆ ಮಿಷನ್ನು ಎತ್ತಿನಗಾಡಿ ಮಾರಾಯ್ತಿ. ಇದು ಬಸ್ಸು. ಕಾಲಿಟ್ರೆ ಹೊರಟ್ತು. ಕೈ ಎಲ್ಲಿಟ್ಟಿದ್ದೀಯ ಅಂತ ಅದು ಕೇಳಲ್ಲ."

"ನಿಮಗೆ ಎಷ್ಟು ಸಲ ಚುಚ್ಚಿದೆ ಅಕ್ಕ?"

"ಲೆಕ್ಕ ಇಟ್ಟೋರ್ಯಾರು? ಚುಚ್ಚಿದ್ರೆ ಒಂದು ತೊಟ್ಟು ಮಿಷನ್ ಎಣ್ಣೆ ಬಿಡಾದು, ಚಿಂದಿ ಸುತ್ತಾದು. ಅಂಗಿಗೆ ರಕ್ತ ತಾಗಿತಾ ಅಂತ ನೋಡಾದು ಮೊದಲು."

ಅದೇ ನಮ್ಮೆಲ್ಲರ ಮದ್ದು.

ಬೇಸಗೆಯಲ್ಲಿ ಕರೆಂಟು ದಿನಕ್ಕೆ ಮೂರು ನಾಲ್ಕು ಸಲ ಹೋಗುತ್ತಿತ್ತು. ಕರೆಂಟು ಹೋದ ಹೊತ್ತನ್ನು ನಾವು ಪೋಲು ಮಾಡುತ್ತಿರಲಿಲ್ಲ. ಮೊಂಡಾದ ಸೂಜಿ ತೆಗೆದು ಹೊಸದು ಹಾಕುವುದು, ಬಾಬಿನ್ನಿನ ಗೂಡಿನಿಂದ ನಾರು ಕೆದಕುವುದು, ಕಣ್ಣಿಗೆ ದಾರ ಪೋಣಿಸುವುದು, ಎಲ್ಲ ಆಗಲೇ. ಸ್ವಿಚ್ಚು ಮಾತ್ರ ಯಾರೂ ಆರಿಸುತ್ತಿರಲಿಲ್ಲ. ಆರಿಸಿದರೆ ಕರೆಂಟು ಬಂದದ್ದು ಗೊತ್ತಾಗುವುದು ಹೇಗೆ? ಮೋಟಾರು ಗುಂಯ್ ಎಂದರೆ ಬಂತು ಅಂತ. ಹೀಗೆ ವರ್ಷಗಟ್ಟಲೆ ನಡೆದಿತ್ತು. ನಾವದನ್ನು ಜಾಣತನ ಎಂದುಕೊಂಡಿದ್ದೆವು.

ನಮಗೆ ಕೆಲಸ ಕೊಡುತ್ತಿದ್ದ ದೊಡ್ಡ ಕಂಪನಿಯವರು, ಸುರಕ್ಷತೆಯ ಪಾಠ ಆಗದಿದ್ದರೆ ಮುಂದಿನ ಆರ್ಡರಿಲ್ಲ ಎಂದರಂತೆ. ಹಾಗಾಗಿ ಒಂದು ದಿನ ಶಿವಮೊಗ್ಗದಿಂದ ಒಬ್ಬರು ಮೇಡಂ ಬಂದರು. ಮೂವತ್ತು ದಾಟಿರದ ಹೆಣ್ಣುಮಗಳು, ಹೆಗಲಿಗೆ ಚೀಲ, ಕಾಲಿಗೆ ಶೂಸು. ನಾವು ಸೆರಗಿನಲ್ಲಿ ನಗು ಮುಚ್ಚಿಕೊಂಡೆವು.

"ಈ ವರ್ಷ ಸೂಜಿ ಚುಚ್ಚಿಸಿಕೊಳ್ಳದವರು ಕೈ ಎತ್ತಿ" ಎಂದರು.

ಒಂದು ಕೈಯೂ ಮೇಲೇಳಲಿಲ್ಲ. ನಮಗೆ ಅದು ತಮಾಷೆಯಾಗಿ ಕಂಡು ಎಲ್ಲರೂ ಗೊಳ್ಳೆಂದೆವು. ಅವರು ನಗಲಿಲ್ಲ. ಒಬ್ಬೊಬ್ಬರ ಬಳಿಯೂ ಬಂದು ಕೈ ಹಿಡಿದು ಬೆರಳು ತಿರುಗಿಸಿ ನೋಡಿದರು. ಇಪ್ಪತ್ತೆಂಟು ಜನರ ಕೈ ನೋಡುವಷ್ಟರಲ್ಲಿ ನಗು ತಾನಾಗಿಯೇ ನಿಂತುಹೋಗಿತ್ತು. ನನ್ನ ಹೆಬ್ಬೆರಳಿನ ಉಗುರಿನಲ್ಲಿ ಒಂದು ಕಪ್ಪು ಚುಕ್ಕೆ ಇದ್ದದ್ದನ್ನು ಆವತ್ತೇ ನಾನೂ ಮೊದಲ ಸಲ ಕಣ್ಣಿಟ್ಟು ನೋಡಿದ್ದು.

ಆಮೇಲೆ ಅವರು ಹಿಂದಿನ ಬಾಗಿಲು ಕೇಳಿದರು. ಹಿಂದೊಂದು ಬಾಗಿಲು, ಅದಕ್ಕೊಂದು ಮೆಟ್ಟಿಲು ಇರುವುದೇ ನಮಗೆ ಮರೆತುಹೋಗಿತ್ತು. ಅದರ ಎದುರು ಬಟ್ಟೆಯ ಥಾನು ಆಳೆತ್ತರಕ್ಕೆ ಪೇರಿಸಿದ್ದರು. ತೆಗೆಸಿ ನೋಡಿದರೆ ಚಿಲಕ ತುಕ್ಕು ಹಿಡಿದು ಕೂತಿತ್ತು. ಕಟಿಂಗ್ ಮಾಸ್ಟರು ಸೀಮೆಎಣ್ಣೆ ಹೊಯ್ದು ಸುತ್ತಿಗೆಯಿಂದ ಬಡಿದ ಮೇಲೆ ಅರ್ಧ ತೆರೆಯಿತು.

"ಬೆಂಕಿ ಬಿದ್ದರೆ ಎಲ್ಲಿಂದ ಓಡುತ್ತೀರಿ?" ಮೇಡಂ ಕೇಳಿದರು.

"ಮುಂದಿನ ಬಾಗಿಲಿದ್ಯಲ್ಲ" ಎಂದರು ಸೀತೂರಿನ ಅಕ್ಕ.

ಮೇಡಂ ಮುಂದಿನ ಬಾಗಿಲಿನತ್ತ ಕೈ ತೋರಿಸಿದರು. ಬಾಗಿಲ ಪಕ್ಕದಲ್ಲೇ ಮೇನ್ ಸ್ವಿಚ್ಚು. ಅದರ ಮೇಲೆ ದೇವರ ಪಟ. ಪಟದ ಮುಂದೆ ಉರಿಯುವ ಎಣ್ಣೆದೀಪ, ಮೂರು ಊದಿನಕಡ್ಡಿ. ದೀಪದ ಬುಡದಿಂದ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಎಣ್ಣೆ ಇಳಿದು ಕರೆಗಟ್ಟಿತ್ತು. ಕೆಳಗೆ ಕಟಿಂಗಿನ ಚಿಂದಿಯ ಮೂಟೆಗಳು. ದಿನಾ ಬೆಳಿಗ್ಗೆ ಆ ದೀಪ ಹಚ್ಚುತ್ತಿದ್ದವಳು ನಾನು. ಮಾರನೆಯ ದಿನ ಒಳ್ಳೆಯ ಹೊತ್ತು ನೋಡಿ, ಕಾಯಿ ಒಡೆದು, ದೇವರನ್ನು ಎದುರುಗಡೆಯ ಬರಿಗೋಡೆಗೆ ಸಾಗಿಸಿದೆವು.

ಎರಡು ದಿನದ ಪಾಠದಲ್ಲಿ ಬಹಳ ಹೇಳಿಕೊಟ್ಟರು. ಸೂಜಿಯ ಮುಂದೆ ಬೆರಳು ಹೋಗದಂತೆ ತಡೆಯುವ ಕಂಬಿಯನ್ನು ಬಿಚ್ಚಿಡಬಾರದು. ಸೂಜಿ ಬದಲಿಸುವಾಗ ಸ್ವಿಚ್ಚು ಆರಿಸಿ, ಪೆಡಲಿನಿಂದ ಕಾಲು ತೆಗೆಯಬೇಕು. ಕರೆಂಟು ಹೋದ ಕೂಡಲೇ ಮೊದಲು ಸ್ವಿಚ್ಚು. ಸೂಜಿ ಮುರಿದರೆ ಅದರ ಚೂರುಗಳೆಲ್ಲ ಸಿಗಬೇಕು. ಸಿಕ್ಕಿದ ಚೂರುಗಳನ್ನು ಪುಸ್ತಕದ ಹಾಳೆಯ ಮೇಲೆ ಸೂಜಿಯ ಆಕಾರಕ್ಕೆ ಜೋಡಿಸಿ ಟೇಪು ಹಚ್ಚಬೇಕು, ಆಮೇಲೆ ಹೊಸ ಸೂಜಿ. ಒಂದು ಚೂರು ಸಿಗದಿದ್ದರೂ ಆ ಗಂಟಿನ ಬಟ್ಟೆ ಹೊರಗೆ ಹೋಗುವ ಹಾಗಿಲ್ಲ. ಮಗುವಿನ ಕುತ್ತಿಗೆಗೆ ಹೋಗುವ ಅಂಗಿ ಅದು, ಎಂದರು.

"ಪುಸ್ತಕ ಯಾರು ನೋಡಿಕೊಳ್ಳುತ್ತೀರಿ?"

"ಇವಳೇ ಸೈ" ಎಂದು ಅಕ್ಕ ನನ್ನ ತೋಳು ತಿವಿದರು. "ಇವಳ ಮನೇಲಿ ಬೆಕ್ಕು ಮರಿ ಹಾಕಿದ್ದೂ ಕ್ಯಾಲೆಂಡರಲ್ಲಿ ಉಂಟು."

ಹೀಗೆ ನನ್ನ ಕೈಗೆ ಸೂಜಿಯ ಡಬ್ಬಿ, ಔಷಧಿಪೆಟ್ಟಿಗೆಯ ಬೀಗದಕೈ, ಪುಸ್ತಕ ಮೂರೂ ಬಂದವು. ಪುಸ್ತಕದ ಪ್ರತಿ ಪುಟದ ಮೇಲೆ ತಾರೀಕು, ಅದರ ಕೆಳಗೆ "ಈ ದಿನದ ಅಪಘಾತ" ಎಂಬ ಗೆರೆ. ಏನೂ ಆಗದಿದ್ದರೆ "ಇಲ್ಲ" ಎಂದು ಬರೆಯಬೇಕು.

ನಾನು ಅದನ್ನು ಬೆಳಿಗ್ಗೆಯೇ ಬರೆಯುತ್ತಿದ್ದೆ.

ಇದನ್ನು ಈಗ ಹೇಳಿದರೆ ಓದುವವರಿಗೆ ಹುಚ್ಚು ಅನ್ನಿಸಬಹುದು. ನಮ್ಮಲ್ಲಿ ಅಕ್ಕಿ ಮುಗಿದರೆ ಮುಗಿಯಿತು ಎನ್ನುವುದಿಲ್ಲ, ಹೆಚ್ಚಾಯಿತು ಎನ್ನುತ್ತೇವೆ. ಹೊರಡುವಾಗ ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ. ಮೇಲೆ ಅಸ್ತು ದೇವತೆಗಳು ತಿರುಗಾಡುತ್ತಿರುತ್ತಾರೆ, ಕೆಟ್ಟ ಮಾತು ಕಿವಿಗೆ ಬಿದ್ದರೆ ಅಸ್ತು ಎಂದುಬಿಡುತ್ತಾರೆ ಎಂದು ಅಮ್ಮ ಹೇಳಿಕೊಟ್ಟಿದ್ದಳು. ದೀಪ ಹಚ್ಚಿ, ಊದಿನಕಡ್ಡಿ ಸಿಕ್ಕಿಸಿ, ಪುಸ್ತಕಕ್ಕೆ ಒಂದು ಹೂವಿನ ಎಸಳು ಮುಟ್ಟಿಸಿ "ಇಲ್ಲ" ಎಂದು ದುಂಡಗೆ ಬರೆದರೆ ಆ ದಿನಕ್ಕೆ ಒಂದು ಕಾಪು ಕಟ್ಟಿದ ಹಾಗೆ ನನಗೆ. ಸಂಜೆ ಬರೆಯುವುದೆಂದರೆ ಐದೂವರೆಯ ಬಸ್ಸೂ ತಪ್ಪುತ್ತಿತ್ತು. ದಿನವಿಡೀ ಏನು ನಡೆದರೂ ಬೆಳಗಿನ ಆ ಒಳ್ಳೆಯ ಮಾತನ್ನು ಹೊಡೆದು ಹಾಕಲು ಮನಸ್ಸು ಬರುತ್ತಿರಲಿಲ್ಲ. ಯಾರಿಗಾದರೂ ಸೂಜಿ ಚುಚ್ಚಿದರೆ ಔಷಧಿ ಹಚ್ಚುತ್ತಿದ್ದೆ, ಬರೆಯುತ್ತಿರಲಿಲ್ಲ. ಚಿಕ್ಕದು ತಾನೆ ಎಂದುಕೊಳ್ಳುತ್ತಿದ್ದೆ.

ಇದರ ಮೇಲೆ ಓನರು ತಮ್ಮದೇ ತಲೆಯಿಂದ ಇನ್ನೊಂದು ಮಾಡಿದರು. ಮೇಡಂ ಹೇಳಿದ್ದಲ್ಲ ಅದು. "ಅಪಘಾತವಿಲ್ಲದ ದಿನಗಳು" ಎಂದು ಕರಿಹಲಗೆ ಬರೆಸಿ, ಮೆಟ್ಟಿಲು ಹತ್ತಿ ಬರುವಾಗಲೇ ಕಾಣುವ ಹಾಗೆ ತೂಗುಹಾಕಿದರು. ದಿನಾ ಒಂದೊಂದು ಅಂಕಿ ಏರಬೇಕು. ನೂರು ತುಂಬಿದರೆ ಎಲ್ಲರನ್ನೂ ವ್ಯಾನಿನಲ್ಲಿ ಮಲ್ಪೆಗೆ ಕರೆದುಕೊಂಡು ಹೋಗುತ್ತೇನೆ, ಸಮುದ್ರ ತೋರಿಸುತ್ತೇನೆ ಎಂದರು. ಘಾಟಿ ಇಳಿದರೆ ಸಮುದ್ರ. ಆದರೂ ನಮ್ಮಲ್ಲಿ ಅರ್ಧಕ್ಕರ್ಧ ಜನ ನೋಡಿರಲಿಲ್ಲ. ಊಟದ ಹೊತ್ತಿಗೆ ಅದೇ ಮಾತು. ನೀರಿಗಿಳಿಯುವಾಗ ಸೀರೆ ಎಷ್ಟು ಎತ್ತಿ ಕಟ್ಟಬೇಕು, ಬುತ್ತಿಗೆ ಚಿತ್ರಾನ್ನವೋ ಮೊಸರನ್ನವೋ. ಒಬ್ಬಳಿಗೆ ಕತ್ತರಿ ತಾಗಿ ರಕ್ತ ಬಂದಾಗ ಸುತ್ತಲಿನವರು, "ಸುಮ್ನಿರೆ, ಎಲ್ರ ಸಮುದ್ರ ಬತ್ತಿಸ್ತೀಯ" ಎಂದು ಬೈದು ನಗಿಸಿದರು. ನಾನೂ ನಕ್ಕೆ. ಪುಸ್ತಕ ನನ್ನ ಕೈಯಲ್ಲೇ ಇತ್ತು.

ಹಲಗೆಯ ಮೇಲೆ ಎಪ್ಪತ್ತೆಂಟು ಇದ್ದ ದಿನ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಸೆಖೆ. ನಾನು ಕಿಟಕಿಯ ಬಳಿ ನಿಂತು ಸೆರಗಿನಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದೆ. ಕರೆಂಟು ಬಂದು ಇಪ್ಪತ್ತೆಂಟು ಮೋಟಾರೂ ಒಮ್ಮೆಲೇ ಗುಂಯ್ ಎಂದವು. ಆ ಸದ್ದಿನ ನಡುವೆ ಟಕ್ಕೆಂದು ಒಂದು ಸದ್ದು. ಸೂಜಿ ಮುರಿದ ಸದ್ದು ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ತಿರುಗಿ ನೋಡಿದರೆ ಅಕ್ಕ ಎಡಗೈಯನ್ನು ಮಡಿಲಲ್ಲಿ ಸೆರಗಿನ ಕೆಳಗೆ ಇಟ್ಟುಕೊಂಡು, ಬಲಗೈಯಲ್ಲಿ ಮಿಷನ್ನಿನ ಮೇಲೆ ಏನೋ ಹುಡುಕುತ್ತಿದ್ದರು.

ಸ್ವಲ್ಪ ಹೊತ್ತಿಗೆ ನನ್ನ ಬಳಿ ಬಂದರು. ಮುಖ ಬೆವತಿತ್ತು. ಸೆಖೆಗೆ ಎಂದುಕೊಂಡೆ.

"ಸೂಜಿ ಮುರೀತು ಮಾರಾಯ್ತಿ. ಒಂದು ಕೊಡು."

ಅಂಗೈಯಲ್ಲಿ ಎರಡು ಚೂರು. ದಪ್ಪ ಬುಡ ಒಂದು, ನಡುಭಾಗ ಒಂದು. ತುದಿ ಇರಲಿಲ್ಲ.

"ಮೂತಿ ಎಲ್ಲಿ ಅಕ್ಕ?"

"ಹಲಗೆ ಸಂದಿಗೆ ಬಿದ್ದಿರ್ತದೆ. ಎಲ್ಲಿಗೆ ಹೋಗ್ತದೆ?"

ಹಳೇ ರೇಡಿಯೋದ ಅಯಸ್ಕಾಂತ ಹಿಡಿದು ಇಬ್ಬರೂ ನೆಲದ ಮೇಲೆ ಹುಡುಕಿದೆವು. ಗುಂಡುಪಿನ್ನು ಅಂಟಿತು, ಒಂದು ಕೂದಲಪಿನ್ನು ಅಂಟಿತು. ಕಾಲರಿನ ಗಂಟನ್ನೂ ಒಂದಷ್ಟು ಸವರಿದೆ. ಅಕ್ಕ ಬಗ್ಗಿದ್ದರೂ ಎಡಗೈ ಮಾತ್ರ ಸೆರಗಿನ ಒಳಗೇ. ಐದು ಗಂಟೆ ಹೊಡೆಯಿತು. ಆ ಗಂಟು ಮರುದಿನ ಬೆಳಿಗ್ಗೆಯ ಲಾರಿಗೆ ಹೋಗಬೇಕಿತ್ತು. ಚೂರು ಸಿಗಲಿಲ್ಲ ಎಂದು ಬರೆದರೆ ಗಂಟು ನಿಲ್ಲುತ್ತದೆ, ಹಲಗೆಯ ಅಂಕಿ ಅಳಿಯುತ್ತದೆ, ಎಲ್ಲರೂ ನನ್ನನ್ನು ಏನೆನ್ನುತ್ತಾರೆ, ಬಸ್ಸು ಬೇರೆ ತಪ್ಪುತ್ತದೆ. ಎಲ್ಲ ಒಟ್ಟಿಗೆ ತಲೆಗೆ ಬಂತು.

ಸೂಜಿಯ ಡಬ್ಬಿಯ ತಳದಲ್ಲಿ ಪುಸ್ತಕ ಬರುವುದಕ್ಕೂ ಮುಂಚಿನ ಹಳೆಯ ಚೂರುಗಳಿದ್ದವು. ಅದರಲ್ಲಿ ಒಂದು ತುದಿಯನ್ನು ಹೆಕ್ಕಿದೆ. ಬುಡ, ನಡು, ತುದಿ ಮೂರನ್ನೂ ಹಾಳೆಯ ಮೇಲೆ ಸಾಲಾಗಿ ಇಟ್ಟು ಟೇಪು ಹಚ್ಚಿದೆ. ನೋಡಲು ಪೂರ್ತಿ ಸೂಜಿ. ಅದರ ಮೇಲೆ ಬೆಳಿಗ್ಗೆ ಬರೆದ "ಇಲ್ಲ" ದುಂಡಗೆ ಕೂತಿತ್ತು. ಬಸ್ಸೂ ಸಿಕ್ಕಿತು.

ಮರುದಿನ ಅಕ್ಕನ ತೋರುಬೆರಳಿಗೆ ಬಿಳಿ ಚಿಂದಿ ಸುತ್ತಿತ್ತು.

"ಎಂತ ಆಯ್ತು?"

"ಹಲಸಿನಕಾಯಿ ಹೆಚ್ಚುವಾಗ ಕತ್ತಿ ತಾಗ್ತು."

ನಾನು ಔಷಧಿಪೆಟ್ಟಿಗೆ ತೆರೆಯಲು ಹೋದರೆ ಬೇಡವೆಂದರು. ಹತ್ತಿರ ಕೂತವಳಿಗೆ ಬೆಲ್ಲ ಸುಣ್ಣದ ವಾಸನೆ ಬರುತ್ತಿತ್ತು. ಬೆಲ್ಲ ಸುಣ್ಣ ಕಲಸಿ ಹಚ್ಚುವುದು ಮೈಯೊಳಗೆ ಮುಳ್ಳು ಮುರಿದುಕೊಂಡಾಗ, ಅದು ಮೇಲಕ್ಕೆ ಬರಲಿ ಎಂದು. ಕತ್ತಿ ತಾಗಿದ ಗಾಯಕ್ಕೆ ಯಾರೂ ಅದನ್ನು ಹಚ್ಚುವುದಿಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ವಾಸನೆಯ ಪಕ್ಕದಲ್ಲಿ ನಾಲ್ಕು ದಿನ ಕೂತು ಜೇಬು ಹೊಲಿದೆ. ನಾಲ್ಕನೆಯ ದಿನ ಅಕ್ಕ ಕಾಲರಿನ ಮೂಲೆಯನ್ನು ಕತ್ತರಿಯ ತುದಿಯಿಂದ ಎತ್ತುತ್ತಿದ್ದರು. ಅಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಅದಕ್ಕೆ ಕತ್ತರಿ ಕಂಡದ್ದೇ ಇಲ್ಲ. ಐದನೆಯ ದಿನ ಬರಲಿಲ್ಲ. ಜ್ವರವಂತೆ ಎಂದು ಬಸ್ಸಿನ ಕಂಡಕ್ಟರು ಸುದ್ದಿ ಹೇಳಿದರು.

ಹಲಗೆಯ ಮೇಲೆ ಎಂಬತ್ತಾರು ಇದ್ದ ದಿನ ಮೇಡಂ ಮತ್ತೆ ಬಂದರು. ಹೇಳಿಕೊಟ್ಟದ್ದು ನಡೆಯುತ್ತಿದೆಯೇ ನೋಡಲು. ಕರಿಹಲಗೆಯ ಮುಂದೆ ಸ್ವಲ್ಪ ಹೊತ್ತು ನಿಂತರು. ಪುಸ್ತಕ ಕೇಳಿದರು. ನಾನು ಹೆಮ್ಮೆಯಿಂದಲೇ ಕೊಟ್ಟೆ ಎಂದರೆ ನಂಬಬೇಕು. ಒಂದು ಪುಟವೂ ಖಾಲಿ ಇರಲಿಲ್ಲವಲ್ಲ. ಅವರು ಒಂದೊಂದೇ ಹಾಳೆ ಮಗುಚುತ್ತಾ ಆ ಪುಟದಲ್ಲಿ ನಿಂತರು. ಬೆರಳಿಟ್ಟರು. ಡಬ್ಬಿಯಿಂದ ಒಂದು ಹೊಸ ಸೂಜಿ ತೆಗೆದು, ಟೇಪಿನ ಕೆಳಗಿದ್ದ ಸೂಜಿಯ ಪಕ್ಕದಲ್ಲಿ ಬುಡಕ್ಕೆ ಬುಡ ಸರಿಯಾಗಿ ಇಟ್ಟರು.

ಮುರಿದ ಸೂಜಿ ಹೊಸ ಸೂಜಿಗಿಂತ ಉದ್ದವಿತ್ತು. ಒಂದು ಅಕ್ಕಿಕಾಳಿನಷ್ಟು.

"ಇದೇನಮ್ಮಾ, ನಿಮ್ಮಲ್ಲಿ ಮುರಿದ ಮೇಲೆ ಸೂಜಿ ಬೆಳೆಯುತ್ತಾ?"

ಮಿಷನ್ನುಗಳು ಒಂದೊಂದಾಗಿ ನಿಂತವು. ನಿಂತಲ್ಲಿಯೇ ಎಲ್ಲ ಹೇಳಿದೆ. ಹಳೇ ತುದಿ ಹೆಕ್ಕಿದ್ದು, ಅಂಟಿಸಿದ್ದು, ಬೆಳಿಗ್ಗೆಯೇ ಬರೆಯುತ್ತಿದ್ದದ್ದು. ಓನರು ತಲೆಯ ಮೇಲೆ ಕೈಯಿಟ್ಟುಕೊಂಡು ಫೋನಿನತ್ತ ಓಡಿದರು, ಶಿವಮೊಗ್ಗಕ್ಕೆ ಹೋದ ಗಂಟು ತಡೆಯಲು. ನನ್ನ ಕಣ್ಣಿಗೆ ಕಟ್ಟಿದ್ದು ಒಂದೇ. ಯಾವುದೋ ಊರಿನ ಶಾಲೆಯಲ್ಲಿ ಒಂದು ಪುಟ್ಟ ಮಗು, ಹೊಸ ಅಂಗಿ, ಕಾಲರಿನೊಳಗೆ ಚೂಪಾದ ತುದಿ. "ಬಟ್ಟೆಯೆಲ್ಲ ವಾಪಸು ತರಿಸಿ, ನಾನೇ ಒಂದೊಂದೂ ಬಿಚ್ಚಿ ನೋಡ್ತೇನೆ" ಎಂದು ಅಳುತ್ತಾ ಹೇಳಿದೆ.

ಮೇಡಂ ದನಿ ಏರಿಸಲಿಲ್ಲ. "ಬಟ್ಟೆ ತರಿಸೋಣ. ಅದಕ್ಕೂ ಮೊದಲು ಹೇಳಿ, ಆ ಮಿಷನ್ನಿನಲ್ಲಿ ಕೂತಿದ್ದವರ ಕೈ ನೋಡಿದಿರಾ?"

ಆ ಮಾತು ಕಿವಿಗೆ ಬಿದ್ದದ್ದೇ ಬೆಲ್ಲ ಸುಣ್ಣದ ವಾಸನೆ ಮೂಗಿಗೆ ಹೊಡೆಯಿತು. ಹಲಗೆಯ ಸಂದಿ ಹುಡುಕಿದ್ದೆ, ಬಟ್ಟೆಯ ಗಂಟು ಸವರಿದ್ದೆ. ಅಯಸ್ಕಾಂತ ಹಿಡಿದು ಅಕ್ಕನ ಮಗ್ಗುಲಲ್ಲೇ ಅರ್ಧ ಗಂಟೆ ಮಂಡಿಯೂರಿದ್ದೆ. ಸೆರಗಿನೊಳಗಿನ ಕೈಯನ್ನು ಹೊರಗೆ ತೆಗೆಯಿರಿ ಎನ್ನಲಿಲ್ಲ.

ಓನರಿನ ಓಮ್ನಿಯಲ್ಲಿ ನಾನು, ಮೇಡಂ ಸೀತೂರಿಗೆ ಹೋದೆವು. ಅಕ್ಕ ಜಗುಲಿಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ಎಡಗೈಯನ್ನು ಎತ್ತಿ ಕಂಬಕ್ಕೆ ಒರಗಿಸಿಕೊಂಡಿದ್ದರು, ಕೆಳಗಿಳಿಸಿದರೆ ಸಿಡಿಯುತ್ತದೆ ಎಂದು.

"ಎಂತಕ್ಕೆ ಬಂದ್ರಿ ಇಷ್ಟು ದೂರ? ಕೂರಿ, ಕಾಫಿಗೆ ಇಡ್ತೇನೆ" ಎಂದು ಏಳಹೊರಟರು.

"ಚಿಂದಿ ಬಿಚ್ಚಿ ಅಕ್ಕ" ಎಂದೆ.

"ಏ, ಎಂತ ಇಲ್ಲ ಮಾರಾಯ್ತಿ..."

ನಾನೇ ಬಿಚ್ಚಿದೆ. ಬಿಚ್ಚಿದವಳು ಒಂದು ಹೆಜ್ಜೆ ಹಿಂದೆ ಬಂದೆ. ಬೆರಳು ಬೆರಳಿನ ಹಾಗಿರಲಿಲ್ಲ, ಬಲಿತ ಬದನೆಕಾಯಿಯ ಬಣ್ಣಕ್ಕೆ ತಿರುಗಿ ಬಾತಿತ್ತು. ನುಣ್ಣಗೆ ಉಜ್ಜಿಟ್ಟ ಆ ಉಗುರು ಬುಡದಿಂದ ಮೇಲೆದ್ದು ಕೀವಿನ ಮೇಲೆ ತೇಲುತ್ತಿತ್ತು. ಮುಂಗೈವರೆಗೆ ಕೆಂಪು ಗೆರೆ ಏರಿತ್ತು.

"ಕರೆಂಟು ಬಂದಾಗ ಆದದ್ದಲ್ಲವಾ ಅವತ್ತು?" ಮೇಡಂ ಕೇಳಿದರು.

ಅಕ್ಕ ತಲೆ ತಗ್ಗಿಸಿದರು. "ಸೂಜಿ ಹಾಕ್ತಿದ್ದೆ. ಕಾಲು ಪೆಡಲ್ ಮೇಲೇ ಇತ್ತು. ಸ್ವಿಚ್ ಆರಿಸಬೇಕಂತ ನೀವು ಹೇಳಿದ್ರಿ, ನೆನಪಿತ್ತು. ಒಂದು ಕ್ಷಣಕ್ಕೆ ಎಂತಕ್ಕೆ ಅಂತ ಬಿಟ್ಟೆ." ಆಮೇಲೆ ನನ್ನ ಕಡೆ ನೋಡಿ, "ಎಪ್ಪತ್ತೆಂಟು ಆಗಿತ್ತಲ್ಲೆ. ಹುಡ್ಗೀರೆಲ್ಲ ಸೀರೆ ಆರಿಸಿ ಇಟ್ಕೊಂಡಿದ್ರು. ನನ್ನಿಂದ ತಪ್ಪಾದು ಬೇಡ ಅಂತ. ತುದಿ ಒಳಗೆ ಉಳೀತು ಅಂತ ಎರಡನೇ ದಿನಕ್ಕೆ ಅನುಮಾನ ಬಂತು. ಮುಳ್ಳಿನ ಹಾಗೆ ಹೊರಗೆ ಬರ್ತದೆ ಅಂದ್ಕಂಡೆ."

ಎನ್.ಆರ್. ಪುರದ ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಡಾಕ್ಟರು ಹಾಳೆಯನ್ನು ಬೆಳಕಿಗೆ ಹಿಡಿದರು. ಮಸುಕು ಮಸುಕಾದ ಬೆರಳು, ಅದರೊಳಗೆ ಮೂಳೆ, ಆ ಮೂಳೆಯ ಮಗ್ಗುಲಲ್ಲಿ ಓರೆಯಾಗಿ ಒಂದು ಅಚ್ಚಬಿಳಿ ಗೀಟು. ನಾನು ಅಲ್ಲಿಯವರೆಗೆ ಸೂಜಿಯನ್ನು ಎಲ್ಲೆಲ್ಲೋ ಕಂಡಿದ್ದೆ. ರವಿಕೆಯ ಅಂಚಿನಲ್ಲಿ, ಹಾಸಿಗೆಯ ಮಗ್ಗುಲಲ್ಲಿ, ಒಮ್ಮೆ ಅಕ್ಕಿ ಡಬ್ಬಿಯಲ್ಲಿ. ಮನುಷ್ಯರ ಒಳಗೆ ಕಂಡಿರಲಿಲ್ಲ. ಆ ಬಿಳಿ ಗೀಟು ಅಲ್ಲಿದ್ದ ಅಷ್ಟೂ ದಿನ ನಾನು ಬೆಳಿಗ್ಗೆ ಹೂವಿನ ಎಸಳು ಮುಟ್ಟಿಸಿ "ಇಲ್ಲ" ಎಂದು ಬರೆದಿದ್ದೆ.

"ಮೂಳೆಗೆ ಇಳಿದಿದೆ. ಬೆರಳು ಉಳಿಸಲು ನೋಡುತ್ತೇನೆ, ಮಾತು ಕೊಡಲಾರೆ" ಎಂದರು ಡಾಕ್ಟರು.

ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಉಗುರು ಬರ್ತದಾ ಡಾಕ್ಟ್ರೇ?"

ಡಾಕ್ಟರಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ನನಗೆ ಆಯಿತು.

ಎರಡು ಸಲ ಕೊಯ್ದರು. ಹದಿನಾರು ದಿನ ಆಸ್ಪತ್ರೆ. ಬಸ್ಸು ಬದಲಾಯಿಸಿಕೊಂಡು ನಾನು ನಡುನಡುವೆ ಗಂಜಿ, ತಿಳಿಸಾರು ಒಯ್ಯುತ್ತಿದ್ದೆ. ನಾನೇನು ಮಾಡಿದ್ದೆ ಎಂದು ಅವರಿಗೂ ಹೇಳಿದೆ. ಅವರು ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನಾನು ಸೆರಗಿನಲ್ಲಿ ಮುಚ್ಚಿಟ್ಟೆ, ನೀನು ಟೇಪಿನಲ್ಲಿ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಬೆರಳು ಉಳಿಯಿತು. ಆದರೆ ಮೇಲಿನ ಗಂಟು ಮಡಚುತ್ತಿರಲಿಲ್ಲ. ಉಗುರಿನ ಜಾಗದಲ್ಲಿ ಅಡಿಕೆಚೂರಿನಂಥ ಒರಟು ತುಣುಕೊಂದು ಬೆಳೆಯಿತು.

ಮೇಡಂ ಓನರಿನ ಜೊತೆ ಬಹಳ ಹೊತ್ತು ಮಾತಾಡಿ ಹೋಗಿದ್ದರು. ಕರಿಹಲಗೆಯನ್ನು ಇಳಿಸಿದರು. ನಮಗೆ ಹೇಳಿದ್ದು ಇಷ್ಟೇ: ಆದದ್ದನ್ನು ಹೇಳಿದವರಿಗೆ ಇಲ್ಲಿ ಯಾರೂ ಏನೂ ಅನ್ನಬಾರದು. ಪ್ರತಿ ಸಾಲಿಗೂ ಒಂದು ಕೆಂಪು ಬಲ್ಬು ಬಂತು, ಕರೆಂಟು ಬಂದದ್ದು ಗೊತ್ತಾಗಲು. ಕರೆಂಟು ಹೋದರೆ ಇಪ್ಪತ್ತೆಂಟು ಸ್ವಿಚ್ಚುಗಳೂ ಪಟಪಟನೆ ಆರುತ್ತಿದ್ದವು. ವಾಪಸು ಬಂದ ಅಂಗಿಗಳನ್ನು ನಾವು ಒಂದೊಂದೂ ಬೆರಳಾಡಿಸಿ, ಅಯಸ್ಕಾಂತ ಆಡಿಸಿ ನೋಡಿದೆವು. ಅವುಗಳಲ್ಲಿ ಏನೂ ಇರಲಿಲ್ಲ. ಇರುವುದಿಲ್ಲ ಎಂದು ಗೊತ್ತಿತ್ತು. ಆದರೂ ನೋಡಿದೆವು. ಪುಸ್ತಕವನ್ನು ನನ್ನಿಂದ ತೆಗೆದುಕೊಳ್ಳಿ ಎಂದು ಮೇಡಂ ಹತ್ತಿರ ಬೇಡಿಕೊಂಡಿದ್ದೆ. "ಇನ್ನು ಮುಂದೆ ನಿಮ್ಮಷ್ಟು ಸರಿಯಾಗಿ ಯಾರೂ ಬರೆಯುವುದಿಲ್ಲ" ಎಂದು ಅವರು ನನ್ನಲ್ಲೇ ಬಿಟ್ಟರು. ಅದು ಶಿಕ್ಷೆಯೋ ನಂಬಿಕೆಯೋ ನನಗೆ ಈಗಲೂ ತಿಳಿದಿಲ್ಲ.

ಜೂನ್ ಕೊನೆಗೆ ಅಕ್ಕ ಕೆಲಸಕ್ಕೆ ಮರಳಿದರು. ಮೊದಲ ದಿನವೇ ಒಂದು ಕಾಲರು ಹೊಲಿದು, ಎಡಗೈಯ ಬೆರಳನ್ನು ಒಳಗೆ ತೂರಿಸಿ ಎತ್ತಿದರು. ಮೂಲೆ ಏಳಲಿಲ್ಲ, ಮೊಂಡಾಗಿ ನಿಂತಿತು. ಮತ್ತೆ ತೂರಿಸಿದರು. ಸುತ್ತಲಿನವರು ತಲೆ ತಗ್ಗಿಸಿ ತಮ್ಮ ತಮ್ಮ ಮಿಷನ್ನು ಓಡಿಸಿದರು. ಅಕ್ಕ ಆ ಕಾಲರನ್ನು ಮಡಚಿ ಬದಿಗಿಟ್ಟು, ಬಲಗೈಯ ಬೆರಳು ತೂರಿಸಿ ಇನ್ನೊಂದನ್ನು ಎತ್ತತೊಡಗಿದರು. ಆ ಬೆರಳಿಗೆ ಉಗುರು ಇನ್ನೂ ಬೆಳೆಯಬೇಕಿತ್ತು.

ಸಂಜೆ ಐದಕ್ಕೆ ನಾನು ಪುಸ್ತಕ ತೆರೆದು ಕೂತಿದ್ದೆ. ಆಗ ನಾನು ಬರೆಯುತ್ತಿದ್ದದ್ದು ಸಂಜೆಯೇ. ಐದೂವರೆಯ ಬಸ್ಸು ಬಿಟ್ಟು ಆರೂಕಾಲಿನದಕ್ಕೆ ಹೋಗುತ್ತಿದ್ದೆ. ಅಕ್ಕ ಬಂದು ಪಕ್ಕದಲ್ಲಿ ಕೂತರು. ರವಿಕೆಯೊಳಗಿಂದ ಚಿಕ್ಕ ಪರ್ಸು ತೆಗೆದು, ಅದರಿಂದ ಮಡಚಿದ ಒಂದು ಕಾಗದ ತೆಗೆದರು.

"ಡಾಕ್ಟ್ರು ಕೊಟ್ಟಿದ್ರು. ಇದು ನಿನ್ನ ಪುಸ್ತಕದ್ದು."

ಕಾಗದದೊಳಗೆ ಸೂಜಿಯ ತುದಿ. ಕಪ್ಪಾಗಿತ್ತು. ಅದನ್ನು ಮುಟ್ಟಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಸೂಜಿ ಮುರಿದ ದಿನದ ಪುಟ ತೆರೆದು ಟೇಪು ಬಿಡಿಸಿದೆ. ಸುಳ್ಳು ತುದಿಯನ್ನು ತೆಗೆದು ಡಬ್ಬಿಗೆ ಹಾಕಿದೆ. ಬುಡ, ನಡು, ಆಮೇಲೆ ಇದು. ಮುರಿದ ಬಾಯಿಗೆ ಮುರಿದ ಬಾಯಿ ಸರಿಯಾಗಿ ಕೂತಿತು. ಪಕ್ಕದಲ್ಲಿ ಹೊಸ ಸೂಜಿಯೊಂದನ್ನು ಇಟ್ಟೆ.

ಅಕ್ಕ ದಾರದ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಈಗ ಸಮ ಆಯ್ತಾ?"

"ಆಯ್ತು."

"ಹಂಗಾರೆ ಬರಿ."

ಟೇಪು ಮೇಲೇಳದಂತೆ ಅವರು ಆ ಮಡಚದ ಬೆರಳಿನಿಂದಲೇ ಒತ್ತಿ ಹಿಡಿದರು. ನಾನು "ಇಲ್ಲ" ಎಂಬುದರ ಮೇಲೆ ಗೀಟು ಎಳೆದು ಅದರ ಕೆಳಗೆ ಬರೆಯತೊಡಗಿದೆ. ಮಧ್ಯಾಹ್ನ ಮೂರಕ್ಕೆ ಹೋದ ಕರೆಂಟು ಬಂದಾಗ, ಎಡಗೈ ತೋರುಬೆರಳು. ಅಕ್ಕ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಕಾಲು ಪೆಡಲಿನ ಮೇಲಿತ್ತು ಎನ್ನುವುದನ್ನು ಎರಡು ಸಲ ಹೇಳಿದರು, ಬಿಟ್ಟುಹೋಗಬಾರದು ಎಂದು. ಕೊನೆಯ ಸಾಲು ನನ್ನದು: ಚೂರು ಹುಡುಕುವಾಗ ಕೈ ನೋಡಲಿಲ್ಲ. ಅದರ ಕೆಳಗೆ ನನ್ನ ಸಹಿ ಹಾಕಿದೆ. ಬರೆದು ಮುಗಿಯುವಷ್ಟರಲ್ಲಿ ಆರೂಕಾಲಿನ ಬಸ್ಸೂ ಹೋಗಿತ್ತು.